ಆರಿಸಿದರೂ ಆರದ ದೀಪ: ಸೀಲಿಂಗ್ ಲೈಟ್ ಬದಲಿಸಿದ ಎಂಟು ದಿನಗಳ ದಾಖಲೆ

ಇದನ್ನು ಮೊದಲು ಗಮನಿಸಿದವಳು ನನ್ನ ಮಗಳು. ಒಂದು ರಾತ್ರಿ ಸ್ವಿಚ್ ಆರಿಸಿ ಹಾಸಿಗೆಗೆ ಬಂದವಳು, "ಅಪ್ಪಾ, ಈ ದೀಪ ಪೂರ್ತಿ ಆರುವುದೇ ಇಲ್ಲ, ನೋಡು" ಎಂದಳು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನನಗೂ ಕಾಣಿಸಿತು. ಸೀಲಿಂಗಿನ ಹಳೆಯ ಗಾಜಿನ ಮುಚ್ಚಳದೊಳಗೆ ಎಲ್‌ಇಡಿ ಬಲ್ಬು ಮಿಂಚುಹುಳದ ಹೊಟ್ಟೆಯಷ್ಟು ಮಂದವಾಗಿ ಹೊಳೆಯುತ್ತಿತ್ತು. ಬಲ್ಬಿನ ದೋಷವಿರಬೇಕೆಂದು ಮರುದಿನ ಸ್ವಿಚ್ ಆರಿಸಿ ಬೇರೊಂದನ್ನು ಹಾಕಿದೆ. ಅದೂ ಹಾಗೆಯೇ ಹೊಳೆಯಿತು.

ಆರಿಸಿದ ಎಲ್‌ಇಡಿ ಹೀಗೆ ಮಿಣುಕಲು ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಸ್ವಿಚ್ಚಿನಲ್ಲೇ ಪುಟ್ಟ ಸೂಚಕ ದೀಪವಿದ್ದರೆ ಅದರ ಮೂಲಕ ಒಂದಿಷ್ಟು ಕರೆಂಟು ಸದಾ ಹರಿಯುತ್ತದೆ. ತಂತಿಗಳು ಒಂದೇ ಪೈಪಿನಲ್ಲಿ ಬಹುದೂರ ಜೊತೆಯಾಗಿ ಸಾಗಿದ್ದರೆ, ಕರೆಂಟಿರುವ ತಂತಿಯ ಪ್ರಭಾವ ಪಕ್ಕದ ತಂತಿಯ ಮೇಲೂ ಬೀಳುತ್ತದೆ. ಮೂರನೆಯದು ಅಪಾಯದ್ದು: ಸ್ವಿಚ್ಚು ಕರೆಂಟು ತರುವ ಫೇಸ್ ತಂತಿಯ ಬದಲು ಅದನ್ನು ಹಿಂದಿರುಗಿಸುವ ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರುವುದು. ಹಳೆಯ ಫಿಲಮೆಂಟ್ ಬಲ್ಬು ಉರಿಯುತ್ತಿದ್ದ ಕಾಲದಲ್ಲಿ ಈ ತಪ್ಪು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಏಕೆಂದರೆ ಇಷ್ಟು ಸಣ್ಣ ಸೋರಿಕೆಗೆ ಆ ತಂತು ಕೆಂಪಗೂ ಆಗುವುದಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ನಮ್ಮ ಸ್ವಿಚ್ಚಿನಲ್ಲಿ ಸೂಚಕ ದೀಪವಿಲ್ಲ, ಹಾಗಾಗಿ ನನ್ನ ಅನುಮಾನ ಮೂರನೆಯದರ ಮೇಲೆಯೇ ಇತ್ತು.

ಹೇಗೂ ಆ ದೀಪದ ಆಯುಸ್ಸು ಮುಗಿದಿತ್ತು. ಗಾಜಿನ ಅಂಚು ಸೀಳಿತ್ತು, ತಗಡಿನ ತಟ್ಟೆಗೆ ತುಕ್ಕು ಹಿಡಿದಿತ್ತು. ಎರಡು ಬಲ್ಬು ಹಿಡಿಯುವ ಹೊಸ ದೀಪವೊಂದನ್ನು ತಂದಿಟ್ಟುಕೊಂಡಿದ್ದೆ. ಬದಲಿಸುವ ಕೆಲಸಕ್ಕೆ ಒಂದು ಬೆಳಗು ಸಾಕೆಂದುಕೊಂಡಿದ್ದೆ, ಹಿಡಿದದ್ದು ಎಂಟು ದಿನ. ಒಂದು ಮಾತನ್ನು ಮೊದಲೇ ಹೇಳಬೇಕು. ಮನೆಯ ವೈರಿಂಗನ್ನು ಮನೆಯವರೇ ಮುಟ್ಟಬಹುದೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ ಇದೆ. ಕೆಲವು ದೇಶಗಳಲ್ಲಿ ದೀಪ ಬದಲಿಸುವುದಕ್ಕೂ ಪರವಾನಗಿ ಇರುವವರೇ ಬೇಕು. ಅದನ್ನು ತಿಳಿದುಕೊಂಡೇ ಏಣಿ ಹತ್ತಬೇಕು.

ಶನಿವಾರ

ಮರದ ಏಣಿ, ಹಿಡಿಕೆಯಿಂದ ತುದಿಯ ಹತ್ತಿರದವರೆಗೂ ಇನ್ಸುಲೇಶನ್ ಇರುವ ಸ್ಕ್ರೂಡ್ರೈವರ್‌ಗಳು, ನಿಯಾನ್ ಟೆಸ್ಟರ್, ಮಲ್ಟಿಮೀಟರ್, ವೈರ್ ಸ್ಟ್ರಿಪ್ಪರ್, ತಂತಿಗಳನ್ನು ಪುಟ್ಟ ಸನ್ನೆಯಿಂದ ಒತ್ತಿಹಿಡಿದು ಜೋಡಿಸುವ ಲಿವರ್ ಕನೆಕ್ಟರ್‌ಗಳು, ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಏಣಿ ಹಗುರವೆಂದು ಕೈ ಅದರ ಕಡೆಗೇ ಹೋಗುತ್ತದೆ, ಆದರೆ ವಿದ್ಯುತ್ ಕೆಲಸಕ್ಕೆ ಮರದ್ದು ಅಥವಾ ಫೈಬರ್‌ಗ್ಲಾಸಿನದೇ ಆಗಬೇಕು. ಮಲ್ಟಿಮೀಟರು ಮನೆಯ ಲೈನು ಅಳೆಯಲು ಯೋಗ್ಯವಾದದ್ದೇ ಎಂದು ನೋಡಿಕೊಳ್ಳಬೇಕು. ನನ್ನದರ ಮೇಲೆ ಕ್ಯಾಟ್ 3, 600 ವೋಲ್ಟ್ ಎಂಬ ಸುರಕ್ಷತಾ ದರ್ಜೆ ಅಚ್ಚಾಗಿದೆ.

ದೋಷದ ಕಾರಣ ತಿಳಿಯಬೇಕಾದರೆ ಕರೆಂಟು ಇರುವಾಗಲೇ ಒಮ್ಮೆ ಅಳೆಯಬೇಕಿತ್ತು. ಗಾಜು ಇಳಿಸುವಾಗ, ಬಲ್ಬು ತೆಗೆಯುವಾಗ ಮಾತ್ರ ಮೇನ್ ಸ್ವಿಚ್ ಆರಿಸಿ, ಆಮೇಲೆ ಹಾಕಿದೆ. ಗೋಡೆಯ ಸ್ವಿಚ್ಚು ಆಫ್‌ನಲ್ಲೇ ಇತ್ತು. ಮಲ್ಟಿಮೀಟರಿನ ಒಂದು ಮೊನೆಯನ್ನು ಹೋಲ್ಡರಿನ ನಡುವಿನ ತಗಡಿಗೆ, ಇನ್ನೊಂದನ್ನು ತಿರುಪಿನ ಹಿತ್ತಾಳೆ ಬಳೆಗೆ ಮುಟ್ಟಿಸಿದೆ. ಪರದೆಯ ಮೇಲೆ 14 ವೋಲ್ಟ್, ಆಮೇಲೆ 19, ಮತ್ತೆ 15. ಎಲ್ಲಿಯೂ ನಿಲ್ಲದ ಅಂಕಿ. ಇಂತಹ ಅಲೆದಾಡುವ ಅಂಕಿಯನ್ನು ಮೀಟರಿನ ಭ್ರಮೆ ಎಂದು ತಳ್ಳಿಹಾಕುವವರೇ ಹೆಚ್ಚು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್‌ನಷ್ಟಿರುವುದರಿಂದ, ಯಾವುದಕ್ಕೂ ಜೋಡಣೆಯಿಲ್ಲದೆ ತೇಲುತ್ತಿರುವ ತಂತಿಯಲ್ಲಿ ಅದು ಇಂತಹ ಸುಳ್ಳು ವೋಲ್ಟೇಜು ತೋರಿಸುವುದೂ ನಿಜ. ಅಲ್ಲಿಗೇ ನಿಲ್ಲಿಸಿದ್ದರೆ "ಇಲ್ಲಿ ಕರೆಂಟಿಲ್ಲ" ಎಂದು ನಾನು ತೀರ್ಮಾನಿಸಬಹುದಿತ್ತು.

ಟೆಸ್ಟರ್ ಹಿಡಿದೆ. ನಡುವಿನ ತಗಡಿಗೆ ತಾಗಿಸಿದ ಕೂಡಲೇ ಅದರೊಳಗಿನ ನಿಯಾನ್ ಕೆಂಪಗೆ ಹತ್ತಿಕೊಂಡಿತು.

ಎರಡು ಉಪಕರಣ, ಎರಡು ಉತ್ತರ. ನಿಯಾನ್ ಟೆಸ್ಟರನ್ನೂ ಪೂರ್ತಿ ನಂಬುವಂತಿಲ್ಲ. ಅದು ನಮ್ಮ ಮೈಯ ಮೂಲಕವೇ ದಾರಿ ಹುಡುಕುವುದರಿಂದ ಒಣ ಮರದ ಏಣಿಯ ಮೇಲೆ ನಿಂತಾಗ ಮಂಕಾಗಬಹುದು, ಹಗಲಿನ ಬೆಳಕಿನಲ್ಲಿ ಕಾಣದೆಯೂ ಹೋಗಬಹುದು, ಪ್ರಭಾವದಿಂದ ಬಂದ ವೋಲ್ಟೇಜಿಗೂ ಹೊಳೆಯಬಹುದು. ತೀರ್ಪು ಹೇಳಲು ಮೂರನೆಯ ಸಾಕ್ಷಿ ಬೇಕಿತ್ತು. ಮೂರು ಪಿನ್ನಿನ ಪ್ಲಗ್ಗೊಂದರ ಅರ್ತ್ (ನೆಲಕ್ಕೆ ಸೇರುವ) ಪಿನ್ನಿಗೆ ಮಾತ್ರ ಉದ್ದನೆಯ ಹಸಿರು ತಂತಿ ಜೋಡಿಸಿ ಇಟ್ಟುಕೊಂಡಿದ್ದೇನೆ. ಉಳಿದೆರಡು ಪಿನ್ನುಗಳಿಗೆ ಏನೂ ಇಲ್ಲ. ಮೊದಲು ಕೋಣೆಯ ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂದು ಅಳೆದೆ: ಫೇಸಿನಿಂದ ಅರ್ತಿಗೆ 233 ವೋಲ್ಟ್, ನ್ಯೂಟ್ರಲಿನಿಂದ ಅರ್ತಿಗೆ 1 ವೋಲ್ಟಿಗೂ ಕಡಿಮೆ. ಆಮೇಲೆ ಆ ಪ್ಲಗ್ಗನ್ನು ಚುಚ್ಚಿ, ಹಸಿರು ತಂತಿಯ ತುದಿಯನ್ನು ಮೀಟರಿಗೆ ಜೋಡಿಸಿ, ಇನ್ನೊಂದು ಮೊನೆಯನ್ನು ಹೋಲ್ಡರಿನ ನಡುವಿನ ತಗಡಿಗೆ ಇಟ್ಟೆ. 233 ವೋಲ್ಟ್, ಅಲ್ಲಾಡದೆ ನಿಂತಿತು.

ಸ್ವಿಚ್ಚು ಆಫ್ ಇತ್ತು, ಹೋಲ್ಡರಿನಲ್ಲಿ ಪೂರ್ತಿ ಕರೆಂಟಿತ್ತು.

ಎರಡು ತಂತಿಗಳ ನಡುವೆ ಅಳೆದಾಗ ಇದು ಏಕೆ ಸಿಗಲಿಲ್ಲ? ವೋಲ್ಟೇಜು ಎಂಬುದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಹೋಲ್ಡರಿನ ನಡುವಿನ ತಗಡಿಗೆ ಬರುವ ಕೆಂಪು ತಂತಿಯಲ್ಲಿ 233 ವೋಲ್ಟ್ ಇತ್ತು. ಬಳೆಗೆ ಬರುವ ಕಪ್ಪು ತಂತಿಯನ್ನು ಸ್ವಿಚ್ಚು ನ್ಯೂಟ್ರಲಿನಿಂದ ಕಡಿದುಹಾಕಿತ್ತು. ಎಲ್ಲಿಗೂ ಕಟ್ಟಿಲ್ಲದ ಆ ಕಪ್ಪು ತಂತಿ ಪೈಪಿನುದ್ದಕ್ಕೂ ಕೆಂಪಿನ ಮಗ್ಗುಲಲ್ಲೇ ಮಲಗಿದ್ದರಿಂದ ಹೆಚ್ಚುಕಡಿಮೆ ಕೆಂಪಿನ ಮಟ್ಟಕ್ಕೇ ಏರಿ ನಿಂತಿತ್ತು. ವ್ಯತ್ಯಾಸ 15 ವೋಲ್ಟ್. ನೆಲದ ಮೇಲೆ ನಿಂತ ಮನುಷ್ಯನಿಗೆ ಮಾತ್ರ ವ್ಯತ್ಯಾಸ 233.

ಏಣಿ ಇಳಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಿಂದಿನ ವಾರವಷ್ಟೇ, ಸ್ವಿಚ್ ಆರಿಸಿದೆನೆಂಬ ಧೈರ್ಯದಿಂದ, ಇದೇ ಹೋಲ್ಡರಿನಲ್ಲಿ ಬೆರಳಾಡಿಸಿ ಬಲ್ಬು ಬದಲಿಸಿದ್ದೆ. ಸುಮಾರು 10 ಮಿಲಿಆಂಪಿಯರ್ ಮೈಯಲ್ಲಿ ಹರಿದರೆ ಸ್ನಾಯುಗಳು ಸೆಟೆದುಕೊಂಡು ಹಿಡಿದದ್ದನ್ನು ಬಿಡಲಾಗದು. 30 ಮಿಲಿಆಂಪಿಯರ್ ದಾಟಿ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಹೃದಯದ ಲಯ ತಪ್ಪಬಹುದು. ಒಂದು 9 ವ್ಯಾಟ್ ಬಲ್ಬು ಉರಿಯಲು ಬೇಕಾದ ಕರೆಂಟು ಸುಮಾರು 40 ಮಿಲಿಆಂಪಿಯರ್. ಅಂದರೆ ಕೋಣೆಯ ಅತಿ ಚಿಕ್ಕ ದೀಪವನ್ನು ಬೆಳಗಿಸುವಷ್ಟೇ ಕರೆಂಟು ಮನುಷ್ಯನಿಗೆ ಮಾರಕ. ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ 6 ಆಂಪಿಯರಿನ ಸ್ವಿಚ್ಚು, ಅಂದರೆ ಎಂಸಿಬಿ, ಇದನ್ನು ಗಮನಿಸುವುದೂ ಇಲ್ಲ, ಅದು ತಂತಿಯನ್ನು ಕಾಯುವ ಸಾಧನ. ಮನುಷ್ಯನನ್ನು ಕಾಯಲು ಇರುವುದು, ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಮ್ಮ ಮನೆಯಲ್ಲಿ ಅದಿದೆ, ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತುತ್ತೇನೆ. ಆದರೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಆರ್‌ಸಿಸಿಬಿ ಉಳಿಸಲಾರದು. ಅದರ ಕಣ್ಣಿಗೆ ಅವನೂ ಒಂದು ಬಲ್ಬೇ.

ಈಗ ನಿಜವಾಗಿ ಕರೆಂಟು ತೆಗೆಯುವ ಕೆಲಸ. ಇದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಹಿಂದುಮುಂದಾದರೆ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಮೊದಲು ಸಾಕೆಟ್ಟಿನಲ್ಲಿ ಮೀಟರು ಹಾಗೂ ಟೆಸ್ಟರನ್ನು ಇಟ್ಟು ಅವು ಕೆಲಸ ಮಾಡುತ್ತಿವೆ ಎಂದು ನೋಡಿದೆ. ಲೈಟಿನ ಎಂಸಿಬಿ ಆರಿಸಿದೆ. ಗೋಡೆಯ ಸ್ವಿಚ್ಚನ್ನು ಆನ್ ಮಾಡಿದೆ. ಈ ಕೊನೆಯದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಏಣಿ ಹಿಡಿದು ನಿಂತಿದ್ದ ಮಗಳೂ, "ಆಫ್ ಮಾಡಬೇಕಲ್ಲವಾ ಅಪ್ಪಾ?" ಎಂದು ಕೇಳಿದಳು. ಸ್ವಿಚ್ಚು ಆಫ್ ಇದ್ದರೆ ಒಂದು ತಂತಿ ತೇಲುತ್ತಲೇ ಇರುತ್ತದೆ, ಎಂಸಿಬಿ ನಿಜವಾಗಿ ಈ ದೀಪದ್ದೇ ಹೌದೇ ಎಂಬುದು ಗೊತ್ತಾಗುವುದಿಲ್ಲ. ಆನ್ ಇಟ್ಟು ಅಳೆದಾಗ ಮಾತ್ರ ಸೊನ್ನೆಗೆ ಬೆಲೆ. ಫೇಸಿನಿಂದ ನ್ಯೂಟ್ರಲಿಗೆ ಸೊನ್ನೆ, ಫೇಸಿನಿಂದ ಅರ್ತಿಗೆ ಸೊನ್ನೆ, ನ್ಯೂಟ್ರಲಿನಿಂದ ಅರ್ತಿಗೆ ಸೊನ್ನೆ. ಮತ್ತೆ ಸಾಕೆಟ್ಟಿಗೆ ಹೋಗಿ ಮೀಟರು ಇನ್ನೂ 233 ತೋರಿಸುತ್ತಿದೆಯೇ ಎಂದು ನೋಡಿದೆ. ನಡುವೆ ಮೀಟರಿನ ತಂತಿ ತುಂಡಾಗಿದ್ದರೂ ಸೊನ್ನೆಯೇ ಬರುತ್ತದೆ, ಅದಕ್ಕಾಗಿ ಈ ಎರಡನೆಯ ಸಲದ ಪರೀಕ್ಷೆ.

ಇಷ್ಟಾದ ಮೇಲೆ ಮೇನ್ ಸ್ವಿಚ್ಚನ್ನೂ ಇಳಿಸಿದೆ. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ಮೇನ್ ಸ್ವಿಚ್ಚು ಎರಡನ್ನೂ. ಸ್ವಿಚ್ಚುಗಳಲ್ಲಿ ಇಂತಹ ಗೊಂದಲ ಕಂಡಿರುವ ಮನೆಯಲ್ಲಿ ಎರಡೂ ಕಡಿಯಲಿ ಎನ್ನಿಸಿತು. ಮೇನಿನ ಹಿಡಿಕೆಗೆ ಟೇಪು ಸುತ್ತಿ "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದೆ. ಮನೆಯಲ್ಲಿ ಇನ್ವರ್ಟರ್ ಅಥವಾ ಸೌರ ವಿದ್ಯುತ್ತಿನ ಬ್ಯಾಟರಿ ಇದ್ದರೆ ಅದನ್ನೂ ಆರಿಸಿ ಅದರ ತಂತಿಯನ್ನು ಬೇರ್ಪಡಿಸಬೇಕು. ಮೇನ್ ಇಳಿಸಿದ ಕ್ಷಣದಲ್ಲೇ ಅದು ಎಚ್ಚರಗೊಂಡು ದೀಪಗಳಿಗೆ ಕರೆಂಟು ಕೊಡಲು ಶುರು ಮಾಡುತ್ತದೆ.

ಹಳೆಯ ತಟ್ಟೆಯ ಎರಡು ಸ್ಕ್ರೂಗಳು ಬಿಚ್ಚಿದವು. ಒಳಗೆ ಕಂಡದ್ದು: ಕೆಂಪು ಒಂದು, ಕಪ್ಪು ಒಂದು, ಎರಡೂ ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜೋಡಣೆ. ಟೇಪಿನ ಅಂಟು ಕರಗಿ ಕಪ್ಪು ಜೇನಿನಂತೆ ಕೈಗೆ ಮೆತ್ತಿತು. ಹಸಿರು ತಂತಿ ಇರಲೇ ಇಲ್ಲ. ತಟ್ಟೆಯ ಒಳಬದಿಯ ಚೀಟಿಯಲ್ಲಿ "ಗರಿಷ್ಠ 60 ವ್ಯಾಟ್" ಎಂದಿತ್ತು. ಎಲ್‌ಇಡಿ ಬರುವ ಮುಂಚೆ ಅದರಲ್ಲಿ 100 ವ್ಯಾಟಿನ ಬಲ್ಬು ವರ್ಷಗಟ್ಟಲೆ ಉರಿದದ್ದು ನನಗೆ ನೆನಪಿದೆ. ಮುಚ್ಚಿದ ಗಾಜಿನೊಳಗಿನ ಆ ಶಾಖ ನೇರ ಮೇಲಕ್ಕೆ, ತಂತಿಗಳಿಗೇ. ಸಾಮಾನ್ಯ ಪಿವಿಸಿ ಇನ್ಸುಲೇಶನ್ 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳಲು ಮಾಡಿದ್ದು. ಅದಕ್ಕೂ ಹೆಚ್ಚು ಬಿಸಿಯಲ್ಲಿ ಬಹುಕಾಲ ಕಳೆದರೆ ಅದನ್ನು ಮೆತ್ತಗಿಡುವ ದ್ರವ್ಯ ಆವಿಯಾಗಿ ಹೋಗುತ್ತದೆ. ಕೆಂಪು ತಂತಿಯನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿದೆ. ಬಾಗಿದ ಕಡೆ ಹೊದಿಕೆ ಒಣ ತೊಗಟೆಯಂತೆ ಚಟ್ಟನೆ ಬಿರಿದು, ಎರಡು ಚೂರು ನನ್ನ ಕನ್ನಡಕದ ಮೇಲೆ ಬಿದ್ದವು. ಒಳಗಿನ ತಾಮ್ರ ಬೆತ್ತಲಾಗಿ ಹೊಳೆಯಿತು.

ಬಿರಿದ ಭಾಗವನ್ನು ಟೇಪಿನಿಂದ ಮುಚ್ಚಿ ಮುಂದುವರಿಯುವುದು ಸುಲಭ. ಆದರೆ ಹೊದಿಕೆ ಎಲ್ಲಿಯವರೆಗೆ ಹಾಳಾಗಿದೆಯೋ ಅಲ್ಲಿಯವರೆಗೂ ಕತ್ತರಿಸಲೇಬೇಕು. ಒಂದೊಂದೇ ಸೆಂಟಿಮೀಟರು ಕತ್ತರಿಸುತ್ತಾ, ಬಾಗಿಸಿ ನೋಡುತ್ತಾ ಹೋದೆ. ಪೈಪಿನ ಬಾಯಿಯ ಹತ್ತಿರ ಹೊದಿಕೆ ಮತ್ತೆ ರಬ್ಬರಿನಂತೆ ಬಾಗತೊಡಗಿತು. ಅಷ್ಟರಲ್ಲಿ ಸೀಲಿಂಗಿನ ಪೆಟ್ಟಿಗೆಯೊಳಗೆ ಉಳಿದದ್ದು ಆರು ಸೆಂಟಿಮೀಟರು ಮಾತ್ರ. ಲಿವರ್ ಕನೆಕ್ಟರಿಗೆ ಅಷ್ಟು ಸಾಕು. ಎರಡೂ ತುದಿಗಳನ್ನು ಒಂದೊಂದು ಕನೆಕ್ಟರಿನಲ್ಲಿ ಮುಚ್ಚಿ, ಆ ದಿನಕ್ಕೆ ನಿಲ್ಲಿಸಿದೆ. ಲೈಟಿನ ಎಂಸಿಬಿ ಆಫ್‌ನಲ್ಲೇ ಉಳಿಯಿತು, ಮೇನ್ ಹಾಕಿದೆ.

ಭಾನುವಾರ

ಮತ್ತೆ ಅದೇ ಕ್ರಮದಲ್ಲಿ ಕರೆಂಟು ತೆಗೆದು, ಪರೀಕ್ಷಿಸಿ, ಸ್ವಿಚ್ ಬೋರ್ಡು ಬಿಚ್ಚಿದೆ. ಒಂದು ಬೋರ್ಡಿನಲ್ಲಿ ಎರಡು ಎಂಸಿಬಿಗಳ ತಂತಿಗಳು ಇರಬಹುದಾದ್ದರಿಂದ ಇಲ್ಲಿ ಮೇನ್ ಇಳಿಸುವುದು ಅನಿವಾರ್ಯ.

ಬಣ್ಣಗಳ ಬಗ್ಗೆ ಒಂದೆರಡು ಮಾತು. ನಮ್ಮ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಯುರೋಪಿನಲ್ಲಿ ಈಗ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತ್. ಬ್ರಿಟನ್ 2004ರಲ್ಲಿ ಆ ಬಣ್ಣಗಳಿಗೆ ಒಪ್ಪಿಗೆ ಕೊಟ್ಟು 2006ರಿಂದ ಕಡ್ಡಾಯ ಮಾಡಿತು, ಅಲ್ಲಿನ ಹಳೆಯ ಮನೆಗಳಲ್ಲಿ ಕಪ್ಪು ಇನ್ನೂ ನ್ಯೂಟ್ರಲ್ಲೇ. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಒಂದೇ ಕಪ್ಪು ತಂತಿ ಒಂದು ಮನೆಯಲ್ಲಿ ಮುಟ್ಟಿದರೆ ಏನೂ ಆಗದಿರಬಹುದು, ಇನ್ನೊಂದರಲ್ಲಿ ಜೀವ ತೆಗೆಯಬಹುದು. ಸಾಲದ್ದಕ್ಕೆ, ಸೀಲಿಂಗಿನಿಂದ ಸ್ವಿಚ್ಚಿಗೆ ಇಳಿದು ಮತ್ತೆ ಮೇಲೇರುವ ಜೋಡಣೆ ಇರುವ ಕಡೆ ನೀಲಿ ಅಥವಾ ಬಿಳಿ ತಂತಿಯೇ ಫೇಸನ್ನು ಹೊತ್ತಿರುವುದುಂಟು. ಬಣ್ಣ ಎಂದರೆ ಹಿಂದೆ ಕೆಲಸ ಮಾಡಿದವರು ಬಿಟ್ಟುಹೋದ ಸೂಚನೆ, ಅಷ್ಟೇ. ಆದ್ದರಿಂದ ಪ್ರತಿ ತಂತಿಗೂ ಕಾಗದದ ಪಟ್ಟಿ ಕಟ್ಟಿ, ಮೀಟರಿನ ಕಂಟಿನ್ಯೂಟಿ ಸದ್ದಿನಿಂದ (ಎರಡು ತುದಿಗಳು ಕೂಡಿದ್ದರೆ ಮೀಟರು ಮಾಡುವ ಸದ್ದು) ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಂಡೆ.

ಬೋರ್ಡಿನೊಳಗಿನ ಚಿತ್ರ ಹೀಗಿತ್ತು. ಪೆಟ್ಟಿಗೆಗೆ ಕೆಂಪು ಮತ್ತು ಕಪ್ಪು ಒಳಬರುತ್ತವೆ. ದೀಪದ ಕಡೆಗೆ ಇನ್ನೊಂದು ಕೆಂಪು, ಇನ್ನೊಂದು ಕಪ್ಪು ಮೇಲೆ ಹೋಗುತ್ತವೆ. ಪಕ್ಕದ ಫ್ಯಾನ್ ಸ್ವಿಚ್ಚಿಗೆ ಫೇಸೇ ಹೋಗಿತ್ತು, ಅದು ಸರಿಯಾಗಿತ್ತು. ದೀಪದ್ದು ಮಾತ್ರ ತಲೆಕೆಳಗು: ಒಳಬಂದ ಕೆಂಪನ್ನು ಮೇಲೆ ಹೋಗುವ ಕೆಂಪಿಗೆ ನೇರವಾಗಿ ಜೋಡಿಸಿ, ಒಳಬಂದ ಕಪ್ಪನ್ನು ಸ್ವಿಚ್ಚಿನ ಮೂಲಕ ಮೇಲಿನ ಕಪ್ಪಿಗೆ ಕೊಟ್ಟಿದ್ದರು. ಬಣ್ಣಗಳೆಲ್ಲ ಒಂದಕ್ಕೊಂದು ಹೊಂದುತ್ತವೆ, ದೀಪವೂ ಹತ್ತಿ ಆರುತ್ತದೆ. ನೋಡಿದವರಿಗೆ ತಪ್ಪೆಂದು ಅನ್ನಿಸುವುದೇ ಇಲ್ಲ.

ತಿದ್ದುವುದು ಕಷ್ಟವೇನಲ್ಲ. ಕಪ್ಪೆರಡನ್ನೂ ಸ್ವಿಚ್ಚಿನಿಂದ ಬಿಚ್ಚಿ ಒಂದು ಕನೆಕ್ಟರಿನಲ್ಲಿ ಕೂಡಿಸಿದೆ. ಕೆಂಪೆರಡನ್ನೂ ಬೇರ್ಪಡಿಸಿ, ಒಳಬಂದದ್ದನ್ನು ಸ್ವಿಚ್ಚಿನ ಒಂದು ತುದಿಗೆ, ಮೇಲೆ ಹೋಗುವುದನ್ನು ಇನ್ನೊಂದು ತುದಿಗೆ ಹಾಕಿದೆ. ಈಗ ಸ್ವಿಚ್ಚು ಫೇಸನ್ನು ಕಡಿಯುತ್ತದೆ, ಬಣ್ಣಗಳೂ ಇದ್ದ ಹಾಗೇ ಉಳಿದವು. ಇಪ್ಪತ್ತು ನಿಮಿಷದ ಕೆಲಸ.

ಹೊಸ ದೀಪವನ್ನು ಹೊರತೆಗೆದಾಗ ಇನ್ನೊಂದು ತೊಡಕು. ಅದರ ತಟ್ಟೆ ಲೋಹದ್ದು, ಒಳಗೆ ಅರ್ತ್ ಚಿಹ್ನೆ ಇರುವ ತಿರುಪೂ ಇದೆ. ಅಂದರೆ ಅದಕ್ಕೆ ಅರ್ತ್ ಕಡ್ಡಾಯ. ಒಳಗಿನ ಫೇಸ್ ತಂತಿ ಎಂದಾದರೂ ಸಡಿಲಗೊಂಡು ತಟ್ಟೆಗೆ ತಾಗಿದರೆ, ಅರ್ತ್ ಇದ್ದಾಗ ಕರೆಂಟು ಅದರ ಮೂಲಕ ಹರಿದು ಆರ್‌ಸಿಸಿಬಿ ಅಥವಾ ಎಂಸಿಬಿ ತಕ್ಷಣ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ತಟ್ಟೆಯೇ ಫೇಸ್ ಆಗಿ ಯಾರಾದರೂ ಮುಟ್ಟುವವರೆಗೆ ಕಾಯುತ್ತಿರುತ್ತದೆ. ಚೌಕದೊಳಗೆ ಚೌಕದ ಗುರುತಿರುವ, ಜೋಡಿ ಇನ್ಸುಲೇಶನ್ನಿನ ದೀಪವಾದರೆ ಅರ್ತ್ ಬೇಡ. ಅಂತಹದ್ದನ್ನು ಬದಲಿಗೆ ತರಬಹುದಿತ್ತು. ಆದರೆ ಸ್ವಿಚ್ ಬೋರ್ಡಿನವರೆಗೆ ಅರ್ತ್ ತಂತಿ ಬಂದಿದೆ, ಮೇಲಿನ ಪೈಪಿನಲ್ಲಿ ಮಾತ್ರ ಎಳೆದಿಲ್ಲ. ಇಷ್ಟೆಲ್ಲ ಬಿಚ್ಚಿರುವಾಗ ಅದನ್ನು ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ಕೆಲವರು ಅರ್ತ್ ತಿರುಪನ್ನು ನ್ಯೂಟ್ರಲಿಗೆ ಸೇರಿಸಿ ಕೆಲಸ ಮುಗಿಸುತ್ತಾರೆ. ಅದನ್ನು ಎಂದಿಗೂ ಮಾಡಬಾರದು. ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಉರಿಯುವ ಬಲ್ಬಿನ ಮೂಲಕ ತಟ್ಟೆಗೆ ಪೂರ್ತಿ ವೋಲ್ಟೇಜು ಬರುತ್ತದೆ.

ಪೈಪಿನಲ್ಲಿ ಹೊಸ ತಂತಿ ಎಳೆಯುವುದನ್ನು ನಾನು ಮಾಡಲಿಲ್ಲ. ಶಾಖ ತಿಂದ ತಂತಿಗಳಿರುವ ಪೈಪಿನಲ್ಲಿ ಒತ್ತಾಯದಿಂದ ತೂರಿಸಿದರೆ ಉಳಿದ ಹೊದಿಕೆಯೂ ತರಚಿಹೋಗಬಹುದು, ತರಚಿದ್ದು ನನಗೆ ಕಾಣುವುದಿಲ್ಲ, ಅದನ್ನು ಕಂಡುಹಿಡಿಯುವ ಉಪಕರಣವೂ ನನ್ನಲ್ಲಿಲ್ಲ.

ಬುಧವಾರ

ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಸಂಜೆ ಬಂದರು. ಪೈಪಿನಲ್ಲಿ ಸ್ಪ್ರಿಂಗ್ ತೂರಿಸಿ, ಅದರ ಬೆನ್ನಿಗೆ 1.5 ಚದರ ಮಿಲಿಮೀಟರಿನ ಹಸಿರು ತಂತಿ ಕಟ್ಟಿ, ಒಬ್ಬರು ಕೆಳಗಿನಿಂದ ನೂಕುತ್ತಾ ಒಬ್ಬರು ಮೇಲಿನಿಂದ ಎಳೆಯುತ್ತಾ ಹೊರತೆಗೆದೆವು. ಆಮೇಲೆ ಅವರು ಮೆಗ್ಗರ್ ಹಚ್ಚಿದರು. ದೀಪ ಜೋಡಿಸದ, ಬಲ್ಬಿಲ್ಲದ ಖಾಲಿ ತಂತಿಗಳಿಗೆ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಶನ್ ಎಷ್ಟು ಗಟ್ಟಿ ಎಂದು ಅದು ಅಳೆಯುತ್ತದೆ. ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ನಮ್ಮದು 200ಕ್ಕೂ ಮೇಲೆ ಬಂತು. ಪೈಪಿನೊಳಗಿನ ತಂತಿ ಚೆನ್ನಾಗಿದೆ, ಹಾಳಾಗಿದ್ದದ್ದು ದೀಪದ ಹತ್ತಿರದ ತುದಿ ಮಾತ್ರ ಎಂಬುದು ಖಾತ್ರಿಯಾಯಿತು.

ನಾನು ಮಾಡಿದ ಸ್ವಿಚ್ ಬೋರ್ಡಿನ ಕೆಲಸವನ್ನೂ ನೋಡಲು ಕೇಳಿಕೊಂಡೆ. ಅವರು ಮಾತಾಡದೆ ಒಂದೊಂದೇ ತಂತಿಯನ್ನು ಹಿಡಿದು ಜಗ್ಗಿದರು. ಸ್ವಿಚ್ಚಿನ ಒಂದು ತುದಿಯಲ್ಲಿ ಕೈ ನಿಂತಿತು. "ಇಲ್ಲಿ ನೋಡಿ ಸಾರ್, ತಿರುಪು ತಾಮ್ರವನ್ನು ಹಿಡಿದಿಲ್ಲ, ಪ್ಲಾಸ್ಟಿಕ್ಕನ್ನು ಹಿಡಿದಿದೆ." ತಂತಿಯ ಹೊದಿಕೆಯನ್ನು ನಾನು ಕಡಿಮೆ ಸುಲಿದಿದ್ದೆ. ತಿರುಪು ಬಿಗಿಯಾಗಿದೆ ಎಂದು ಕೈಗೆ ಅನ್ನಿಸುತ್ತದೆ, ಆದರೆ ಅದರಡಿ ಇರುವುದು ಮೆತ್ತನೆಯ ಪಿವಿಸಿ. ಕಾಲಕ್ರಮದಲ್ಲಿ ಅದು ಒತ್ತಿಹೋಗಿ ಸಂಪರ್ಕ ಸಡಿಲಗೊಂಡು ಅಲ್ಲಿಯೇ ಬಿಸಿಯಾಗತೊಡಗುತ್ತದೆ. ಮನೆಯ ವೈರಿಂಗಿನಲ್ಲಿ ಬೆಂಕಿ ಹೊತ್ತಿಕೊಳ್ಳುವ ದಾರಿಗಳಲ್ಲಿ ಇದೂ ಒಂದು. ನಾನೂ ಜಗ್ಗಿ ನೋಡಿದ್ದೆ, ತಂತಿ ಬಂದಿರಲಿಲ್ಲ. ಅಂದಿನಿಂದ ಜಗ್ಗುವುದರ ಜೊತೆಗೆ ಟಾರ್ಚು ಹಿಡಿದು ತಿರುಪಿನ ಕೆಳಗೆ ತಾಮ್ರ ಕಾಣುತ್ತಿದೆಯೇ ಎಂದೂ ನೋಡುತ್ತೇನೆ. ತಾಮ್ರ ತೀರ ಹೊರಗೂ ಇಣುಕಬಾರದು.

ಮತ್ತೆ ಶನಿವಾರ

ಏಣಿ ಹತ್ತುವ ಮೊದಲು ಹೊಸ ದೀಪವನ್ನು ಮೇಜಿನ ಮೇಲೆ ಇಟ್ಟು ಪರೀಕ್ಷಿಸಿದೆ. ಅದರಲ್ಲಿರುವುದು ಇ27 ಅಳತೆಯ ತಿರುಪಿನ ಹೋಲ್ಡರ್‌ಗಳು. ಇವುಗಳಲ್ಲಿ ಫೇಸ್ ತಳದ ನಡುವಿನ ತಗಡಿಗೆ, ನ್ಯೂಟ್ರಲ್ ಸುತ್ತಲಿನ ತಿರುಪಿನ ಬಳೆಗೆ ಹೋಗಬೇಕು. ಬಲ್ಬು ತಿರುಗಿಸುವಾಗ ಬೆರಳು ತಾಗುವ ಸಂಭವ ಹೆಚ್ಚಿರುವುದು ಬಳೆಗೆ. ಎಲ್ ಎಂದು ಬರೆದಿರುವ ತುದಿಯಿಂದ ಎರಡೂ ಹೋಲ್ಡರ್‌ಗಳ ನಡುವಿನ ತಗಡಿಗೆ ಮೀಟರು ಸದ್ದು ಮಾಡಿತು, ಎನ್ ತುದಿಯಿಂದ ಎರಡೂ ಬಳೆಗಳಿಗೆ. ತಟ್ಟೆಗೂ ಈ ಎರಡಕ್ಕೂ ನಡುವೆ ಸದ್ದಿಲ್ಲ. ಸರಿ.

ತಟ್ಟೆಯ ರಂಧ್ರಗಳು ಹಳೆಯವಕ್ಕೆ ಹೊಂದಲಿಲ್ಲವಾದ್ದರಿಂದ ಕಾಂಕ್ರೀಟಿನಲ್ಲಿ ಎರಡು ಹೊಸ ತೂತು ಕೊರೆಯಬೇಕಾಯಿತು. ಪೈಪು ಪೆಟ್ಟಿಗೆಗೆ ಯಾವ ಕಡೆಯಿಂದ ಬರುತ್ತದೆಂದು ನೋಡಿಕೊಂಡು, ಅದಕ್ಕೆ ಅಡ್ಡ ದಿಕ್ಕಿನಲ್ಲಿ 6 ಮಿಲಿಮೀಟರಿನ ತೂತು, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ಗು. ಹಾಳಾಗುವುದು ಕಣ್ಣಾದ್ದರಿಂದ ತಲೆಯ ಮೇಲೆ ಕೊರೆಯುವಾಗ ಕನ್ನಡಕ ಬೇಕೇ ಬೇಕು. ಜಿಪ್ಸಮ್ ಸೀಲಿಂಗಾದರೆ ಈ ಪ್ಲಗ್ಗು ನಿಲ್ಲುವುದಿಲ್ಲ. ಹಿಂಬದಿಯ ಚೌಕಟ್ಟಿಗೇ ತಿರುಪು ಹೊಡೆಯಬೇಕು ಅಥವಾ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬೋಲ್ಟು ಹಾಕಬೇಕು.

ಗಟ್ಟಿ ತಂತಿಯ ಒಂದು ಕೊಕ್ಕೆ ಮಾಡಿ, ಸೀಲಿಂಗಿಗೆ ಬಿಗಿದ ಹಿಡಿಪಟ್ಟಿಗೆ ಸಿಕ್ಕಿಸಿ, ದೀಪವನ್ನು ಅದರಲ್ಲಿ ತೂಗುಹಾಕಿದೆ. ಜೋಡಿಸುವಷ್ಟು ಹೊತ್ತೂ ದೀಪದ ಭಾರ ತಂತಿಗಳ ಮೇಲೆ ಬೀಳಬಾರದು, ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರಬೇಕು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೊಕ್ಕೆ.

ಮೊದಲು ಅರ್ತ್. ಅದನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟೆ. ಎಂದಾದರೂ ದೀಪ ಕಳಚಿ ಜೋತುಬಿದ್ದರೆ ಫೇಸ್ ಮೊದಲು ಕಿತ್ತುಬರಲಿ, ಅರ್ತ್ ಕೊನೆಗೆ. ಆಮೇಲೆ ನ್ಯೂಟ್ರಲ್, ಆಮೇಲೆ ಫೇಸ್. ಲಿವರ್ ಕನೆಕ್ಟರಿನ ಮೈಮೇಲೆ 11 ಮಿಲಿಮೀಟರು ಎಂದು ಅಳತೆ ಕೆತ್ತಿದೆ, ಅಷ್ಟೇ ಸುಲಿದೆ. ದೀಪದ ಒಳತಂತಿ ಹಲವು ಎಳೆಗಳದ್ದು, ಸೀಲಿಂಗಿನದು ಒಂಟಿ ಎಳೆಯದ್ದು. ಇಂತಹ ಕನೆಕ್ಟರು ಎರಡನ್ನೂ ಹಿಡಿಯುತ್ತದೆ. ತಿರುಪಿನ ಕನೆಕ್ಟರಾದರೆ ಎಳೆಗಳ ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಹಾಕಿ ಒತ್ತಬೇಕು. ಸೀಸದ ಬೆಸುಗೆ ಹಾಕಿ ಗಟ್ಟಿ ಮಾಡುವ ಅಭ್ಯಾಸ ಹಲವರಿಗಿದೆ, ಅದು ತಪ್ಪು. ಬೆಸುಗೆ ಒತ್ತಡದಲ್ಲಿ ನಿಧಾನವಾಗಿ ಹರಿದು ತಿರುಪು ಸಡಿಲವಾಗುತ್ತದೆ. ತಂತಿಗಳು ಅಲ್ಯೂಮಿನಿಯಂನವಾಗಿದ್ದರೆ ತಾಮ್ರದ ಜೊತೆ ಸಾಮಾನ್ಯ ಕನೆಕ್ಟರಿನಲ್ಲಿ ಸೇರಿಸುವಂತೆಯೇ ಇಲ್ಲ.

ತಟ್ಟೆ ಕೂರಿಸುವಾಗ ಯಾವ ತಂತಿಯೂ ಅಂಚಿಗೆ ಸಿಕ್ಕಿ ಜಜ್ಜಿಹೋಗದಂತೆ ಬೆರಳಿನಿಂದ ಸುತ್ತಲೂ ತಡವಿ ನೋಡಿದೆ. ಕರೆಂಟು ಹಾಕುವ ಮುಂಚೆ ಕೊನೆಯ ಅಳತೆ: ದೀಪದ ತಟ್ಟೆಯಿಂದ ನನ್ನ ಹಸಿರು ತಂತಿಯ ಪ್ಲಗ್ಗಿನ ಮೂಲಕ ಸಾಕೆಟ್ಟಿನ ಅರ್ತಿಗೆ 0.6 ಓಮ್. ಅದರಲ್ಲಿ ಮೀಟರಿನ ಮತ್ತು ಆ ಉದ್ದ ತಂತಿಯದೇ 0.3. ಅರ್ತ್ ಗಟ್ಟಿಯಾಗಿ ಸಿಕ್ಕಿದೆ. ಬಲ್ಬುಗಳನ್ನು ಇನ್ನೂ ಹಾಕಿರಲಿಲ್ಲ, ಫೇಸ್ ನ್ಯೂಟ್ರಲ್ ನಡುವೆ ಸಂಪರ್ಕವೇ ಇಲ್ಲವೆಂದು ಮೀಟರು ಹೇಳಿತು.

ಏಣಿಯಿಂದ ಇಳಿದು, ಏಣಿಯನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಸ್ವಿಚ್ಚು ಆಫ್ ಇಟ್ಟು ಮೇನ್ ಹಾಕಿದೆ, ಆಮೇಲೆ ಎಂಸಿಬಿ. ಯಾವುದೂ ಬೀಳಲಿಲ್ಲ. ಮತ್ತೆ ಹತ್ತಿ, ಹಿಂದಿನ ಶನಿವಾರದ ಅದೇ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಂಡೆ. ಹೋಲ್ಡರಿನ ನಡುವಿನ ತಗಡಿನಿಂದ ಅರ್ತಿಗೆ 2 ವೋಲ್ಟಿನ ಆಸುಪಾಸು ಅಲೆದಾಡುವ ಅಂಕಿ. ಬಳೆಯಿಂದ ಅರ್ತಿಗೆ 1 ವೋಲ್ಟಿಗೂ ಕಡಿಮೆ. ಟೆಸ್ಟರ್ ಕತ್ತಲೆಯಾಗೇ ಉಳಿಯಿತು. ಮಗಳಿಗೆ ಸ್ವಿಚ್ ಹಾಕಲು ಹೇಳಿದೆ. ಮೀಟರು 232ಕ್ಕೆ ಏರಿತು. ಆರಿಸಲು ಹೇಳಿದೆ, ಇಳಿಯಿತು.

ಮೇನ್ ಇಳಿಸಿ ಬಲ್ಬುಗಳನ್ನು ಹಾಕಿ, ಮುಚ್ಚಳ ತಿರುಗಿಸಿ ಕೂರಿಸಿದೆ. ತಟ್ಟೆಯ ಒಳಬದಿಯಲ್ಲಿ ದಿನಾಂಕ, ಎಂಸಿಬಿಯ ಸಂಖ್ಯೆ, "ಅರ್ತ್ ಇದೆ, ಸ್ವಿಚ್ ಫೇಸಿನಲ್ಲಿದೆ" ಎಂದು ಮಾರ್ಕರ್ ಪೆನ್ನಿನಿಂದ ಬರೆದಿಟ್ಟಿದ್ದೇನೆ. ಮುಂದೆ ಬಿಚ್ಚುವವರು ಅದನ್ನೂ ಅಳೆದೇ ನೋಡಲಿ.

ಆ ರಾತ್ರಿ ಮಗಳು ಸ್ವಿಚ್ ಆರಿಸಿದ ಮೇಲೆ ಇಬ್ಬರೂ ಸೀಲಿಂಗ್ ನೋಡುತ್ತಾ ಐದು ನಿಮಿಷ ಕುಳಿತೆವು. ಏನೂ ಕಾಣಲಿಲ್ಲ, ಬರಿಯ ಕತ್ತಲೆ. ಭಾನುವಾರ ಬೆಳಿಗ್ಗೆ ಉಳಿದ ಕೋಣೆಗಳ ದೀಪಗಳನ್ನೂ ಒಂದೊಂದಾಗಿ ಇದೇ ರೀತಿ ಅಳೆದೆ. ಐದು ಸರಿಯಾಗಿವೆ. ಮೆಟ್ಟಿಲಿನ ಮೇಲಿನ ದೀಪದಲ್ಲಿ ಸ್ವಿಚ್ ಆಫ್ ಇದ್ದಾಗಲೂ 233 ವೋಲ್ಟ್ ಇದೆ. ಅದಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ಚಿರುವುದರಿಂದ ತಂತಿಗಳ ನಕ್ಷೆ ಮೊದಲು ಕಾಗದದ ಮೇಲೆ ಬರಬೇಕು. ಸದ್ಯಕ್ಕೆ ಅದರ ಎಂಸಿಬಿ ಆರಿಸಿ, ಟೇಪು ಸುತ್ತಿ ಇಟ್ಟಿದ್ದೇನೆ.